ತೃಪ್ತಿ ಆಮೇಲೆ ಕೇಳಿ, ಮೊದಲು ನೇಮಕಾತಿ ಆದೇಶ ಕೊಡಿ



"ಈಗಿನ ಹುಡುಗರಿಗೆ ಕೆಲಸದಲ್ಲಿ ತೃಪ್ತಿಯೇ ಇಲ್ಲ" ಅಂತ ಟಿವಿಯಲ್ಲಿ ಒಬ್ಬರು ಕೊರಗ್ತಿದ್ರು. 2023ರಲ್ಲಿ ನಾರಾಯಣ ಮೂರ್ತಿಯವರು ಯುವಜನ ವಾರಕ್ಕೆ 70 ಗಂಟೆ ದುಡೀಬೇಕು ಅಂದ್ರು. ಕಾರ್ಖಾನೆಯ 54 ಗಂಟೆಯ ವಾರವನ್ನು 48ಕ್ಕೆ ಇಳಿಸುವ ಮಸೂದೆಯನ್ನು 1946ರಲ್ಲೇ ಬಾಬಾಸಾಹೇಬರು ಮಂಡಿಸಿದ ದೇಶ ಇದು. ಇರಲಿ. ನಮ್ಮ ಕಚೇರಿಗೆ ಬನ್ನಿ, ಒಂದು ಹುಡುಗೀನ ತೋರಿಸ್ತೀನಿ.

ಬಿ.ಕಾಂ. ಓದಿದಾಳೆ. ಅವಳ ಕೇರಿಯಲ್ಲಿ ಡಿಗ್ರಿ ಮುಗಿಸಿದ ಮೊದಲ ಹೆಣ್ಣುಮಗಳು. ಹೆಸರಿಗೆ ಡಾಟಾ ಎಂಟ್ರಿ ಆಪರೇಟರ್, ಹೊರಗುತ್ತಿಗೆ. ಖಾಲಿ ಬಿದ್ದಿರೋ ದ್ವಿತೀಯ ದರ್ಜೆ ಸಹಾಯಕರ ಕೆಲಸವೆಲ್ಲ ಅವಳದ್ದೇ. ಟಪಾಲು, ಕಡತ, ಸಾಹೇಬರ ಸಭೆಯ ಟಿಪ್ಪಣಿ. ಆದರೆ ನಮ್ಮ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿಲ್ಲ. ಅವಳಿಗೆ ಬೇರೆ ಪುಸ್ತಕ. ಹೋಟ್ಲಲ್ಲಿ ಬೇರೆ ಲೋಟ ನೋಡಿ ಬೆಳೆದ ನನಗೆ ಈ ಬೇರೆ ಪುಸ್ತಕದ ಅರ್ಥ ಯಾರೂ ಹೇಳಿಕೊಡಬೇಕಿಲ್ಲ.

ಸಂಬಳ ಏಜೆನ್ಸಿಯಿಂದ, ಅದೂ ಎರಡು ಮೂರು ತಿಂಗಳಿಗೊಮ್ಮೆ. ಪಿಎಫ್ ಕಟ್ಟಿದೀರಾ ಅಂತ ಕೇಳಿದರೆ "ನಾಳೆಯಿಂದ ಬರಬೇಡ".

ಮೊನ್ನೆ ತರಬೇತಿಯಲ್ಲಿ ಒಂದು ನಮೂನೆ ಕೊಟ್ರು. "ಕೆಲಸದಲ್ಲಿ ತೃಪ್ತಿ ಇದೆಯೇ?" 'ಸಂಪೂರ್ಣ ತೃಪ್ತಿ' ಅಂತ ಗುರುತು ಹಾಕಿದಳು. ಯಾಕಮ್ಮ ಅಂದೆ. "ಮೇಲೆ ಹೆಸರು ಬರೆಸಿಕೊಂಡಿದಾರೆ ಸರ್" ಅಂದಳು.

ನಾನು ಮೀಸಲಾತಿಯಲ್ಲಿ ಬಂದವನು, ಎದೆ ತಟ್ಟಿ ಹೇಳ್ತೀನಿ. ಓದಲು ಬಾರದ ನನ್ನವ್ವ ನನ್ನ ನೇಮಕಾತಿ ಆದೇಶವನ್ನ ಟ್ರಂಕಿನಲ್ಲಿ ಸೀರೆ ಮಡಿಕೆ ಒಳಗೆ ಇಟ್ಟಿದ್ದಳು. ಮೇಲಧಿಕಾರಿ ಜಾತಿ ಹಿಡಿದು ಮಾತಾಡಿದಾಗ ಲಿಖಿತ ದೂರು ಕೊಡೋ ಧೈರ್ಯ ಬಂದದ್ದು ಆ ಕಾಗದದಿಂದ. ತಿರುಗಿ ಮಾತಾಡಿದ ಮರುದಿನವೂ ನನ್ನ ಕುರ್ಚಿ ಅಲ್ಲೇ ಇತ್ತು. ನನಗೆ ಗೊತ್ತಿರೋ ಕೆಲಸದ ತೃಪ್ತಿ ಅದೊಂದೇ.

ಸಂವಿಧಾನದ 16(4)ನೇ ವಿಧಿ ಹುದ್ದೆಗಳಲ್ಲಿ ಮೀಸಲಾತಿಗೆ ದಾರಿ ಮಾಡಿತು. ಹುದ್ದೆಯನ್ನೇ ಟೆಂಡರಿಗೆ ಹಾಕಿದ್ರೆ? 2006ರಲ್ಲಿ ಉಮಾದೇವಿ ಪ್ರಕರಣದಲ್ಲಿ, ನಮ್ಮ ಕರ್ನಾಟಕದ್ದೇ ಕೇಸು, ಹಿಂಬಾಗಿಲ ನೇಮಕಾತಿ ಕೂಡದು ಅಂತ ಸುಪ್ರೀಂ ಕೋರ್ಟ್ ಹೇಳಿತು. ಮುಂಬಾಗಿಲು ತೆಗೆಯಬೇಕಿದ್ದ ಸರ್ಕಾರಗಳು ಏಜೆನ್ಸಿ ಅನ್ನೋ ಕಿಂಡಿ ಕೊರೆದವು. 2024ರಲ್ಲಿ ರಾಜ್ಯ ಸರ್ಕಾರ ಹೊರಗುತ್ತಿಗೆಯಲ್ಲೂ ಮೀಸಲಾತಿ ಅಂತು. ಬೇಡ ಅನ್ನಲ್ಲ. ಆದರೆ ನಾಳೆ ಕಿತ್ತುಕೊಳ್ಳಬಹುದಾದ್ದರಲ್ಲಿ ಕೊಟ್ಟ ಪಾಲು ಎಂಥ ಪಾಲು?

ನಮ್ಮಂಥ ಕಾಯಂ ನೌಕರರಿಗೂ ಒಂದು ಮಾತು. ಸಂಜೆ ಐದೂವರೆಗೆ ನಮ್ಮ ಕಡತ ಅವಳ ಮೇಜಿಗೆ ಸರಿಸಿ ಬ್ಯಾಗು ಎತ್ತಿಕೊಂಡು ಹೊರಡ್ತೀವಲ್ಲ? ನಾನೂ ಸರಿಸಿದೀನಿ. ಇವತ್ತಿನಿಂದ ನಿಲ್ಲಿಸಿದೀನಿ.

ಮುಂದಿನ ಸಂಘದ ಸಭೆಯಲ್ಲಿ ನಮ್ಮ ಬಡ್ತಿ, ತುಟ್ಟಿಭತ್ಯೆಗಿಂತ ಮೊದಲು ಎರಡು ಪ್ರಶ್ನೆ ಎತ್ತಿ. ಖಾಲಿ ಹುದ್ದೆ ಯಾವಾಗ ತುಂಬ್ತೀರಿ? ಅಲ್ಲೀವರೆಗೆ ಸಮಾನ ಕೆಲಸಕ್ಕೆ ಸಮಾನ ಸಂಬಳ, ಏಜೆನ್ಸಿ ಬಿಟ್ಟು ನೇರ ಖಾತೆಗೆ ಯಾಕೆ ಹಾಕಲ್ಲ?

ಎದ್ದು ಕೇಳೋಕೆ ಅವಳಿಗೆ ಆಗಲ್ಲ. ನಮಗೆ ಆಗುತ್ತೆ. ನಮ್ಮವ್ವಂದಿರ ಟ್ರಂಕಿನಲ್ಲಿ ಕಾಗದ ಇದೆ.

ಜೈ ಭೀಮ್.