ದಾಯಾದಿಗಳ ಸಹಿಯಿಲ್ಲದ ಪರಭಾರೆ

ಊರಿನ ಅವಿಭಕ್ತ ಆಸ್ತಿಯನ್ನು ಮಾರಬೇಕಾದರೆ ಮುಂಬಯಿ, ಪುಣೆಗಳಲ್ಲಿರುವ ದಾಯಾದಿಗಳ ಸಹಿಯೂ ಬೇಕು. ಆದರೆ ಇಡೀ ಕುಟುಂಬಕ್ಕೆ ಸೇರಿದ ವಂಶವಾಹಿ ಮಾಹಿತಿಯನ್ನು ಒಬ್ಬನೇ, ಒಂದಿಷ್ಟು ಎಂಜಲು ಕೊಟ್ಟು, ಪರಭಾರೆ ಮಾಡಿಬಿಡಬಹುದು! ಇದು ಯಾವ ನ್ಯಾಯ?

"ಹೆಸರು, ವಿಳಾಸ ಅಳಿಸಿದ್ದೇವೆ, ಇನ್ನೇತರ ಭಯ?" ಎನ್ನುತ್ತಾರೆ ಪರೀಕ್ಷೆ ನಡೆಸುವವರು. ಪೊಳ್ಳು ಸಮಾಧಾನವಿದು. ವಂಶವಾಹಿಯೇ ಹೆಸರಿಗಿಂತ ಖಚಿತವಾದ ಗುರುತು. ದಶಕಗಳಿಂದ ತಲೆಮರೆಸಿಕೊಂಡಿದ್ದ ಕೊಲೆಗಾರನನ್ನು ಕ್ಯಾಲಿಫೋರ್ನಿಯಾದ ಪೊಲೀಸರು 2018ರಲ್ಲಿ ಹಿಡಿದದ್ದು, ಅವನ ದೂರದ ಬಂಧುಗಳ ವಂಶವಾಹಿಯ ಜಾಡಿನಿಂದ. ಅದೇ ಜಾಡು ನಿರಪರಾಧಿಯ ಮನೆಗೂ ಹೋಗಬಲ್ಲುದು.

ಅಮೆರಿಕದ 'ಟ್ವೆಂಟಿತ್ರೀ ಆ್ಯಂಡ್ ಮಿ' ಕಂಪೆನಿಯ ಕತೆ ನೋಡಿ. 2023ರಲ್ಲಿ ಕಳ್ಳರು ನೇರವಾಗಿ ಹೊಕ್ಕದ್ದು ಸುಮಾರು 14,000 ಖಾತೆಗಳಿಗೆ. ಬಂಧುಗಳನ್ನು ಹುಡುಕಿಕೊಡುವ ಸೌಲಭ್ಯದ ಮೂಲಕ ದೋಚಿದ್ದು ಸುಮಾರು 69 ಲಕ್ಷ ಜನರ ವಿವರ! 2025ರ ಮಾರ್ಚಿಯಲ್ಲಿ ಕಂಪೆನಿ ದಿವಾಳಿ ಅರ್ಜಿ ಹಾಕಿತು; ಗ್ರಾಹಕರ ವಂಶವಾಹಿ ಭಂಡಾರವೂ ಮಾರಾಟದ ಸೊತ್ತಾಯಿತು.

ಸಂಶೋಧನೆ ಬೇಡವೆನ್ನುವ ಮೂಢರು ನಾವಲ್ಲ. ಒಬ್ಬನ ವಂಶವಾಹಿ ಬರಹವೆಂದರೆ ಸುಮಾರು 300 ಕೋಟಿ ಅಕ್ಷರ. ಸಾವಿರಾರು ಜನರ ಬರಹವನ್ನು ತಾಳೆ ನೋಡಲು ಬಾಡಿಗೆಯ ಕ್ಲೌಡ್ ಸೂಪರ್ ಕಂಪ್ಯೂಟರು ಬೇಕಾದೀತು. ಆದರೆ ಕಳಿಸುವಾಗ, ಇಡುವಾಗ ಬೀಗ ಹಾಕಿದ ಮಾಹಿತಿಯನ್ನು ಲೆಕ್ಕ ಮಾಡುವಾಗ ಸಾಮಾನ್ಯವಾಗಿ ಬಿಚ್ಚಲೇಬೇಕು. ಅಪಾಯವಿರುವುದು ಅಲ್ಲಿ. ಬೀಗ ತೆಗೆಯದೆಯೇ ಎಲ್ಲ ಬಗೆಯ ಲೆಕ್ಕ ಮಾಡುವ ದಾರಿಯನ್ನು ಕ್ರೇಗ್ ಜೆಂಟ್ರಿ 2009ರಲ್ಲಿಯೇ ತೋರಿಸಿಕೊಟ್ಟರು. "ಅದು ನಿಧಾನ, ದುಬಾರಿ" ಎನ್ನುತ್ತಾರೆ. ಹೌದು, ದುಬಾರಿಯೇ. ಬಾಗಿಲು ದುಬಾರಿಯೆಂದು ಬ್ಯಾಂಕಿನವರು ತಿಜೋರಿಯನ್ನು ತೆರೆದಿಡುತ್ತಾರೆಯೇ?

ನಮ್ಮಲ್ಲೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮೆದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ 10,000 ಭಾರತೀಯರ ವಂಶವಾಹಿ ಓದಲಾಗಿದೆ. ಫರೀದಾಬಾದಿನಲ್ಲಿರುವ ಆ ಭಂಡಾರ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ಹೆಮ್ಮೆಯ ಮಾತೇ. ಆದರೆ ಒಳಗೊಳಗೇ ಮದುವೆಯಾಗುವ ಸಮುದಾಯಗಳ ನಾಡಿದು. ಒಬ್ಬನ ಎಳೆ ಹಿಡಿದರೆ ಬಳಗವೇ ಬಿಚ್ಚಿಕೊಳ್ಳುತ್ತದೆ. 2023ರ ನಮ್ಮ ಮಾಹಿತಿ ಸಂರಕ್ಷಣಾ ಕಾಯಿದೆಯೋ ವಂಶವಾಹಿಗೆ ಪ್ರತ್ಯೇಕ ರಕ್ಷಣೆ ಕೊಡದು. ಸಂಶೋಧನೆಗೆ ಷರತ್ತಿನ ವಿನಾಯಿತಿಯನ್ನೂ ಕೊಟ್ಟಿದೆ. ಈ ಕೊರತೆ ತುಂಬಲೇಬೇಕು.

ಅಲ್ಲಿಯವರೆಗೆ, ಬಾಂಧವರೇ, ಎಂಜಲು ಕೊಡುವ ಮುನ್ನ ಮೂರು ಪ್ರಶ್ನೆ ಕೇಳಿ: ಮಾಹಿತಿಯನ್ನು ಯಾವ ಕಂಪ್ಯೂಟರಿನಲ್ಲಿ, ಯಾರ ಕಣ್ಣೆದುರು ಬಿಚ್ಚುತ್ತೀರಿ? ಕಂಪೆನಿ ಮುಳುಗಿದರೆ ಅದು ಯಾರ ಪಾಲು? ಬೇಡವೆಂದರೆ ಅಳಿಸುತ್ತೀರಾ? ಉತ್ತರ ಬಾರದಿದ್ದರೆ ಸಹಿ ಹಾಕಬೇಡಿ. ಊರಿನಲ್ಲಿರುವ ಅಕ್ಕ, ಸೋದರಮಾವ, ಇನ್ನೂ ಹುಟ್ಟದ ಮೊಮ್ಮಕ್ಕಳು, ಎಲ್ಲರ ಪಾಲೂ ಅದರಲ್ಲಿದೆ.