ಬೀಜದ ಚೀಲವೂ ತೇವದ ಪರೀಕ್ಷೆಯೂ

ಬಿತ್ತಿದ ಬೀಜವು ಮೊಳೆಯದೆ ಹೋದರೆ ಮಳೆಯನ್ನೋ ಮಣ್ಣನ್ನೋ ದೂರುವುದು ರೈತರಲ್ಲಿ ವಾಡಿಕೆ. ಬೀಜವನ್ನು ತುಂಬಿಟ್ಟಿದ್ದ ಚೀಲವನ್ನು ದೂರುವವರು ವಿರಳ. ಆದರೆ ಕೊಯಿಲಿನಿಂದ ಮರುಬಿತ್ತನೆಯವರೆಗೆ ಬೀಜವು ವಾಸಿಸುವುದು ಚೀಲದಲ್ಲಿಯೇ. ಆದುದರಿಂದ ಯಾವ ಬಟ್ಟೆಯ ಚೀಲವು ಎಷ್ಟು ತೇವವನ್ನು ಹಿಡಿಯುವುದೆಂದು ಇಂಜಿನಿಯರಿಂಗ್ ವಿದ್ಯಾರ್ಥಿಗಳು ತೂಗಿ ನೋಡುವ ಕೆಲಸವನ್ನು ಹುಡುಗಾಟವೆಂದು ಬಗೆಯತಕ್ಕದ್ದಲ್ಲ.

ಸೆಣಬು ಬಹಳವಾಗಿ ತೇವವನ್ನು ಹೀರುವ ನಾರು. ಪೂರ್ಣವಾಗಿ ಒಣಗಿದ 100 ಭಾಗ ಸೆಣಬಿಗೆ 13.75 ಭಾಗ ನೀರೂ, ಹತ್ತಿಗೆ 8.5 ಭಾಗ ನೀರೂ ಸಹಜವಾಗಿ ಸೇರಿರುವುದೆಂದು ವ್ಯಾಪಾರದಲ್ಲಿ ಲೆಕ್ಕ ಹಿಡಿಯುತ್ತಾರೆ. ಪ್ಲಾಸ್ಟಿಕ್ ನೂಲು ತಾನಾಗಿ ನೀರನ್ನು ಹೀರದಿದ್ದರೂ ನೇಯ್ಗೆಯ ಸಂದುಗಳಿಂದ ತೇವದ ಗಾಳಿಯು ಒಳಹೊಗುತ್ತದೆ. ಗಾಳಿಯಾಡದ ಚೀಲವು ಹೊರಗಿನ ತೇವವನ್ನು ತಡೆಯುವುದು ನಿಜ. ಆದರೆ ಹಸಿಯಾದ ಕಾಳನ್ನು ಅದರಲ್ಲಿ ತುಂಬಿ ಬಾಯಿ ಕಟ್ಟಿದರೆ ಒಳಗಿನ ತೇವಕ್ಕೆ ಹೊರಹೋಗುವ ದಾರಿಯಿಲ್ಲದೆ ಬೀಜವೇ ಕೆಡುತ್ತದೆ. ಯಾವ ಚೀಲವೂ ಕಣದ ಬಿಸಿಲಿನ ಕೆಲಸವನ್ನು ಮಾಡಲಾರದು.

ಈ ಕಾರಣದಿಂದಲೇ ಬೀಜ ಪ್ರಮಾಣೀಕರಣದ ನಿಯಮಗಳಲ್ಲಿ ಎರಡು ಮಿತಿಗಳನ್ನು ವಿಧಿಸಲಾಗಿದೆ. ಸಾಧಾರಣ ಚೀಲದಲ್ಲಿಡುವ ರಾಗಿಯ ಬೀಜದಲ್ಲಿ ಶೇಕಡಾ 12ಕ್ಕಿಂತಲೂ, ತೇವ ಹೊಗದ ಚೀಲದಲ್ಲಿಡುವುದರಲ್ಲಿ ಶೇಕಡಾ 8ಕ್ಕಿಂತಲೂ ಹೆಚ್ಚು ತೇವವಿರಕೂಡದು. ಬೀಜದ ತೇವವು ಶೇಕಡಾ 14ರಿಂದ 5ರವರೆಗಿನ ಮಿತಿಯಲ್ಲಿ ಒಂದೊಂದಂಶ ಇಳಿದಂತೆಲ್ಲ ಅದರ ಆಯುಸ್ಸು ಸುಮಾರು ಇಮ್ಮಡಿಯಾಗುವುದೆಂಬುದು ಬೀಜಶಾಸ್ತ್ರಜ್ಞರ ಸ್ಥೂಲ ನಿಯಮ.

ಗೋಣಿಯು ಹಿರಿಯರ ಕಾಲದಿಂದ ಸಾಲುತ್ತ ಬಂದಿದೆಯೆಂದು ಕೆಲವರು ಆಕ್ಷೇಪಿಸಬಹುದು. ಆದರೆ ಹಿರಿಯರು ರಾಗಿಯನ್ನು ವರ್ಷಗಟ್ಟಲೆ ಕಾಪಾಡಿದ್ದು ಹಗೇವುಗಳಲ್ಲಿ. ನೆಲದೊಳಗಿನ ಆ ಕಣಜಕ್ಕೆ ಗಾಳಿಯ ಸಂಚಾರ ಕಡಮೆ, ಒಳಗಿನ ಉಷ್ಣ ಒಂದೇ ಸಮ. ಹಗೇವು ಹೋಗಿ ಗೋಣಿಯು ನಿಂತ ಮೇಲೆ ಆ ರಕ್ಷಣೆಯೂ ಹೋಯಿತು.

ಇಂತಹ ಪರೀಕ್ಷೆಗೆ ಯೋಗ್ಯ ನೆಲೆಯು ಬೆಂಗಳೂರಿನ ಆರ್.ಟಿ. ನಗರದ ಮಗ್ಗುಲಿನಲ್ಲಿಯೇ ಇದೆ. ಹೆಬ್ಬಾಳದಲ್ಲಿ ವ್ಯವಸಾಯದ ಪ್ರಯೋಗಗಳಿಗಾಗಿ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು 1899ರಲ್ಲಿ 30 ಎಕರೆ ಭೂಮಿಯನ್ನು ದಯಪಾಲಿಸಿದರು. ಅಲ್ಲಿಯೇ 1946ರಲ್ಲಿ ಕೃಷಿ ಕಾಲೇಜು ಆರಂಭವಾಯಿತು. 1964ರಲ್ಲಿ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಆದರೆ ಹೆಬ್ಬಾಳದ ಕೋಣೆಯೊಂದರಲ್ಲಿ ಗೆದ್ದ ಚೀಲವು ಚಳ್ಳಕೆರೆಯ ಒಣಹವೆಗೂ ತೀರ್ಥಹಳ್ಳಿಯ ಜಡಿಮಳೆಗೂ ಸಮನಾಗಿ ಒಗ್ಗುವುದೆಂದು ಹೇಳಲಾಗದು. ಚೀಲದ ಯೋಗ್ಯತೆಯನ್ನು ನಿರ್ಣಯಿಸತಕ್ಕ ಸ್ಥಳ ಗ್ರಾಮದ ಉಗ್ರಾಣ. ಕಾಲ, ಆಷಾಢ ಶ್ರಾವಣ ಮಾಸಗಳು.

ಕೃಷಿ ಪದವಿಯ ಅಂತಿಮ ವರ್ಷದ ವಿದ್ಯಾರ್ಥಿಗಳು ಅನುಭವಕ್ಕಾಗಿ ಹಳ್ಳಿಗಳಲ್ಲಿ ತಂಗುವ ಕ್ರಮವುಂಟು. ಅವರ ಸಭೆಗೆ ಚಪ್ಪರ ಹಾಕಿಸುವುದರೊಡನೆ ಗ್ರಾಮದ ಮುಖಂಡರು ಈ ಕೆಲಸವನ್ನೂ ಅವರಿಗೆ ವಹಿಸುವುದು ಲೇಸು. ಒಂದೇ ರಾಶಿಯ ಒಣಬೀಜವನ್ನು ಐದೈದು ಕಿಲೋದಂತೆ ಗೋಣಿ, ಹತ್ತಿಬಟ್ಟೆ, ಪ್ಲಾಸ್ಟಿಕ್ ನೇಯ್ಗೆ, ಗಾಳಿಯಾಡದ ಚೀಲ ಈ ನಾಲ್ಕರಲ್ಲಿ ತುಂಬಿಸಿ, ಒಂದೇ ಕೋಣೆಯಲ್ಲಿ ಹಲಗೆಯ ಮೇಲಿಟ್ಟು, ಹದಿನೈದು ದಿವಸಗಳಿಗೊಮ್ಮೆ ತೂಗಿಸಬೇಕು. ಚೀಲವೂ ನೀರನ್ನು ಹೀರಿ ತೂಕವೇರುವುದರಿಂದ ಪ್ರತಿ ಬಗೆಯ ಬರಿಚೀಲವೊಂದನ್ನು ಪಕ್ಕದಲ್ಲಿರಿಸಿ, ಅದರ ತೂಕವನ್ನು ಕಳೆಯತಕ್ಕದ್ದು. ಕಡೆಯಲ್ಲಿ ಒಂದೊಂದರಿಂದ ನೂರು ಬೀಜಗಳನ್ನು ಒದ್ದೆಬಟ್ಟೆಯಲ್ಲಿ ಮೊಳೆಯಿಸಿ ಎಣಿಸಬೇಕು. ರಾಗಿಯಲ್ಲಿ 75ಕ್ಕೆ ಕಡಮೆ ಮೊಳೆತರೆ ಅದು ಪ್ರಮಾಣಿತ ಬೀಜದ ಮಟ್ಟಕ್ಕೆ ಬಾರದು. ವಿದ್ಯಾರ್ಥಿಗಳು ಮಳೆಗಾಲ ಮುಗಿಯುವ ಮುನ್ನ ಹಿಂದಿರುಗಿದರೆ ಉಳಿದ ತೂಕಗಳನ್ನು ಊರಿನವರೇ ಬರೆದಿಡಬಹುದು.

ಇದಕ್ಕೆ ತಗಲುವುದು ಒಂದು ತಕ್ಕಡಿ, ಇಪ್ಪತ್ತು ಕಿಲೋ ಬೀಜ, ಒಂದು ಮಳೆಗಾಲದ ತಾಳ್ಮೆ. ಅಗ್ಗವಾದ ಗೋಣಿಯೇ ಸಾಕೆಂದು ಕಂಡುಬಂದಲ್ಲಿ ಹೆಚ್ಚಿನ ಬೆಲೆಯ ಚೀಲದ ಖರ್ಚು ಉಳಿಯುವುದು; ಸಾಲದೆಂದು ಕಂಡಲ್ಲಿ ಮುಂದಿನ ವರ್ಷದ ಬೀಜವು ಉಳಿಯುವುದು. ಮಾರುವವನ ಮಾತಿಗಿಂತ ತಮ್ಮ ಊರಿನ ತಕ್ಕಡಿಯನ್ನು ನಂಬುವುದು ಜಮೀನುದಾರರಿಗೆ ಶ್ರೇಯಸ್ಕರ.