ದಾರದ ಇನ್ನೊಂದು ತುದಿ

ಶಿರೂರಿನ ಅಳ್ವೆಗದ್ದೆಯಲ್ಲಿ ಒಂದು ಸಂಜೆ ಗಾಳ ಹಾಕುತ್ತಿದ್ದ ಹುಡುಗನ ಪಕ್ಕ ಕೂತಿದ್ದೆ. ಸಿಗಡಿಯ ತುಣುಕನ್ನು ಕೊಕ್ಕೆಗೆ ಏರಿಸಿ, ಮೊನೆ ಪೂರ್ತಿ ಅಡಗುವ ತನಕ ಹೆಬ್ಬೆರಳಲ್ಲಿ ಮೆಲ್ಲಗೆ ತಳ್ಳುತ್ತಲೇ ಇದ್ದ. “ಮೊನಿ ಕಂಡ್ರೆ ಮೀನ್ ಬತ್ತಿಲ್ಲೆ” ಅಂದ. ಆಮಿಷದ ಅರ್ಥವನ್ನು ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ಹೇಳಿಕೊಟ್ಟಿಲ್ಲ. ಸಂಸ್ಕೃತದಲ್ಲಿ ಆಮಿಷವೆಂದರೆ ಮಾಂಸ. ನಿರಾಮಿಷ ಊಟದ ಹೆಸರು ಬಂದದ್ದು ಅಲ್ಲಿಂದಲೇ. ಗಾಳಕ್ಕೆ ಸಿಕ್ಕಿಸುವ ಎರೆಯೂ ಆಮಿಷವೇ. ಎರೆ ಇದೆಯೆಂದರೆ ದಾರವೂ ಇದೆ, ದಾರದ ಇನ್ನೊಂದು ತುದಿಯಲ್ಲಿ ಒಂದು ಕೈಯೂ ಇದೆ.

ಸೆಳೆತಕ್ಕೆ ಆ ಕೈ ಇಲ್ಲ. ಮಳೆಗಾಲದಲ್ಲಿ ದಡದಿಂದ ಹಿಂದಿರುಗುವ ನೀರು ಕಾಲಡಿಯ ಮರಳನ್ನು ಎಳೆದೊಯ್ಯುವಾಗ ಯಾರನ್ನು ದೂರೋಣ? ಆಕರ್ಷಣೆಯೂ ಮೂಲದಲ್ಲಿ ಬರೀ ಎಳೆತ. ನೇಗಿಲಿನ ಕೃಷಿಗೂ ಅದಕ್ಕೂ ಧಾತು ಒಂದೇ. ಮೋಹ ಒಳಗೆ ಕವಿಯುವ ಮಂಕು. ಮೂಢ, ಮುಗ್ಧ ಎರಡೂ ಅದೇ ಬೇರಿನವು. ಒಬ್ಬನನ್ನು ಬೈಯುತ್ತೇವೆ, ಇನ್ನೊಬ್ಬನಿಗೆ ಮರುಗುತ್ತೇವೆ. ಆಸೆಯಾದರೋ ಪೂರ್ತಿ ನಮ್ಮದು.

ಈ ಪದಗಳನ್ನು ಒಂದರ ಜಾಗದಲ್ಲಿ ಇನ್ನೊಂದು ಇಟ್ಟರೆ ತಪ್ಪು ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಹೋಗಿ ಕೂರುತ್ತದೆ. ನಮ್ಮ ಚಿಕ್ಕಿ ಫೋನಿನಲ್ಲಿ ಬಂದ ‘ಹೂಡಿಕೆ’ಯ ಮಾತು ನಂಬಿ ದುಡ್ಡು ಕಳೆದುಕೊಂಡರು. ಮನೆಯಲ್ಲಿ ಎಲ್ಲರದೂ ಒಂದೇ ಮಾತು: “ಆಸಿ ಮಾಡ್ರೆ ಹೀಂಗೇ ಆಪ್ದ್.” ಆ ಒಂದು ಪದಕ್ಕೆ ಕುಗ್ಗಿ ಹತ್ತು ದಿನ ಅವರು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ್ದರೆ ಹಣ ಖಾತೆಯಿಂದ ಖಾತೆಗೆ ಸಾಗುವ ಮೊದಲು ತಡೆಯುವ ಅವಕಾಶವಾದರೂ ಇರುತ್ತಿತ್ತು. ಅವರಿಗೆ ಆಸೆ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಮೀನಿಗೂ ಹಸಿವಿರುತ್ತದೆ. ಮೊನೆ ಮುಚ್ಚಿದವರು ಬೇರೆ. ಪತ್ರಿಕೆಗಳು ‘ಆಸೆಗೆ ಬಿದ್ದು ಹಣ ಕಳೆದುಕೊಂಡರು’ ಎಂದು ಬರೆದಾಗಲೆಲ್ಲ ನನಗೆ ಸಂಕಟವಾಗುವುದು ಇದಕ್ಕೇ. ‘ಆಮಿಷವೊಡ್ಡಿ ದೋಚಿದರು’ ಎಂದರೆ ಕಳ್ಳ ವಾಕ್ಯದೊಳಗೆ ಬರುತ್ತಾನೆ.

ಹಾಗೆಂದು ಎಲ್ಲ ಕಡೆ ಆಮಿಷ ಎನ್ನುವುದೂ ಸಲ್ಲದು. ಚುನಾವಣೆ ಬಂದರೆ ‘ಮತದಾರರಿಗೆ ಆಮಿಷ’ ಎಂಬ ಸುದ್ದಿ ತಪ್ಪುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 170ನೆಯ ಕಲಮು ಮತಕ್ಕಾಗಿ ಕೊಡುವವರನ್ನೂ ತೆಗೆದುಕೊಳ್ಳುವವರನ್ನೂ ತಪ್ಪಿತಸ್ಥರೆನ್ನುತ್ತದೆ. ಅಲ್ಲಿ ಮೊನೆ ಅಡಗಿಲ್ಲ. ಕೊಡುವವನಿಗೂ ಪಡೆಯುವವನಿಗೂ ಕಾಣುತ್ತದೆ. ಅದಕ್ಕೆ ಲಂಚ ಎಂಬ ಪದ ನಮ್ಮಲ್ಲಿ ಇದ್ದೇ ಇದೆ. ಮತದಾರನನ್ನು ಮೀನು ಮಾಡುವುದು ಅವನಿಗೆ ಮಾಡುವ ಅವಮಾನ.

ನನ್ನನ್ನು ಹೆಚ್ಚು ಕಾಡಿದ್ದು ಬೆಳಕು ಮೀನುಗಾರಿಕೆ. ಕತ್ತಲ ಕಡಲಲ್ಲಿ ಪ್ರಖರ ದೀಪ ಬೆಳಗಿಸಿದರೆ ಮೀನಿನ ಹಿಂಡು ಅದರತ್ತ ಬರುತ್ತದೆ, ಸುತ್ತ ಬಲೆ ಬೀಳುತ್ತದೆ. ಕೇಂದ್ರ ಸರ್ಕಾರ 2017ರಲ್ಲಿ ಇದನ್ನು ನಿಷೇಧಿಸಿತು. ನಾಡದೋಣಿಯವರು ಈ ಮೀನುಗಾರಿಕೆಯನ್ನು ವಿರೋಧಿಸುತ್ತಲೇ ಬಂದಿದ್ದಾರೆ. ಇದರಲ್ಲಿ ಎರೆ ಇಲ್ಲ, ಕೊಕ್ಕೆ ಇಲ್ಲ. ಹೀಗಾಗಿ ‘ಬೆಳಕಿನ ಆಕರ್ಷಣೆ’ ಎಂದು ಸಲೀಸಾಗಿ ಬರೆದುಬಿಡುತ್ತೇವೆ, ಮೀನು ತಾನಾಗಿ ಬಂತು ಎಂಬಂತೆ. ಗಾಳದ ಮೀನಿಗೆ ಒಂದು ಚೂರು ಸಿಗಡಿಯಾದರೂ ಸಿಕ್ಕಿತ್ತು. ಇಲ್ಲಿ ಮರಿಮೀನೂ ಬರಿಗೈಯ ಬೆಳಕಿಗೆ ಬಂದು ಬಲೆಗೆ ಬೀಳುತ್ತದೆ. ದೀಪದ ಗುಂಡಿ ಒತ್ತಿದ ಬೆರಳೊಂದು ಆ ದೋಣಿಯಲ್ಲಿದೆ. ನಾನಂತೂ ಅದನ್ನು ಆಮಿಷವೆಂದೇ ಬರೆಯುತ್ತೇನೆ.